ಕುಂದಗೋಳದ ಗಡಿಯೂ ಯುರೋಪಿನ ಪ್ರಾಸಿಕ್ಯೂಟರರೂ

ಇಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗುವವರಿಗೆ ನಡುವೆ ಗಡಿಯೊಂದಿತ್ತೆಂಬುದು ತಿಳಿಯದು. 1948ರ ವಿಲೀನದವರೆಗೆ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಬ್ಬಳ್ಳಿ, ನವಲಗುಂದ, ಕಲಘಟಗಿಗಳು ಮುಂಬಯಿ ಪ್ರಾಂತದವು. ಸಂಸ್ಥಾನದಲ್ಲಿ ಘೋರ ಅಪರಾಧವೆಸಗಿ ಬ್ರಿಟಿಷ್ ಸೀಮೆಗೆ ದಾಟಿದವನನ್ನು ಮರಳಿ ತರಲು, 1903ರ ಕಾಯಿದೆಯಂತೆ, ಪೊಲಿಟಿಕಲ್ ಏಜೆಂಟರು ವಾರಂಟು ಹೊರಡಿಸುತ್ತಿದ್ದರು; ಜಿಲ್ಲಾ ಮ್ಯಾಜಿಸ್ಟ್ರೇಟರು ಅದನ್ನು ಜಾರಿಗೊಳಿಸುತ್ತಿದ್ದರು. ಎರಡೂ ಸೀಮೆಗಳ ಮೇಲೆ ನಡೆಯುತ್ತಿದ್ದ ಈ ಅಧಿಕಾರಕ್ಕೆ ಬ್ರಿಟಿಷರ ಸಾರ್ವಭೌಮತ್ವವೇ ಆಧಾರ. ಪ್ರಜೆಗಳನ್ನು ಯಾರೂ ಕೇಳಿರಲಿಲ್ಲ.

ಇಂಥದೇ ತೊಡಕನ್ನು ಯುರೋಪು ಬೇರೆ ಬಗೆಯಲ್ಲಿ ಬಿಡಿಸಹೊರಟಿದೆ. ಒಕ್ಕೂಟದ ಹಣ ನುಂಗಿದವರು ದೇಶದಿಂದ ದೇಶಕ್ಕೆ ನುಸುಳಿ ಪಾರಾಗದಿರಲೆಂದು, 2021ರ ಜೂನ್ 1ರಂದು ಲಕ್ಸೆಂಬರ್ಗಿನಲ್ಲಿ ಯುರೋಪಿಯನ್ ಪಬ್ಲಿಕ್ ಪ್ರಾಸಿಕ್ಯೂಟರರ ಕಚೇರಿ ಕಾರ್ಯಾರಂಭ ಮಾಡಿತು. ಮೊಕದ್ದಮೆ ಹೂಡುವ ಕೈ ಒಂದು. ವಿಚಾರಣೆ ಮಾತ್ರ ಆಯಾ ದೇಶದ ನ್ಯಾಯಾಲಯದಲ್ಲಿ, ಬಹುಮಟ್ಟಿಗೆ ಅಲ್ಲಿಯ ಕಾನೂನಿನಂತೆಯೇ. ಒಪ್ಪಿದ ದೇಶಗಳಷ್ಟೇ ಸೇರಿದವು, ಡೆನ್ಮಾರ್ಕ್ ಸೇರಲಿಲ್ಲ.

ಇತಿಹಾಸ ಓದಿದ ನನ್ನ ವಿದ್ಯಾರ್ಥಿಗಳು ಈ ಭೇದವನ್ನು ಗಮನಿಸಬೇಕು. ನಮ್ಮಲ್ಲಿ ವಿಲೀನವು ಗಡಿಯನ್ನೇ ಅಳಿಸಿತು. ಅವರು ಗಡಿಯನ್ನು ಉಳಿಸಿಕೊಂಡೇ ಕಳ್ಳನಿಗೆ ಅದರ ಆಸರೆ ತಪ್ಪಿಸಬೇಕಾಗಿದೆ. ಇದು ಹೆಚ್ಚು ಕಠಿಣವಾದ ಕಾರ್ಯ. ಪರರ ನ್ಯಾಯಪದ್ಧತಿಯಲ್ಲಿ ನಂಬಿಕೆಯಿಲ್ಲದೆ ಅದು ಸಾಗದು.