ಪದ ಪರಿಚಯ: ರಿಪ್
‘ಹರಿ, ಸೀಳು’ ಎಂಬರ್ಥದ ಈ ಆಂಗ್ಲ ಧಾತುವು ತಟ್ಟೆಯೊಳಗಣ ನಾದವನ್ನು ಅಂಕರೂಪದಲ್ಲಿಯೇ, ಕಿಂಚಿತ್ತೂ ಕುಂದದಂತೆ, ಗಣಕದ ಕಡತವಾಗಿ ಹೊರತೆಗೆಯುವ ಕ್ರಿಯೆಗೆ ಸಂದು, ‘ರಿಪ್ ಮಾಡು’ ಎಂದು ನಮ್ಮವರ ನಾಲಗೆಗೂ ಹತ್ತಿದೆ. ಹರಿಯುವುದೇನೂ ಇಲ್ಲದಿದ್ದರೂ ಅದರಲ್ಲಿನ ಬಲಾತ್ಕಾರದ ಛಾಯೆ ಉಚಿತವೇ ಸರಿ. ಏಕೆಂದರೆ 1999ರಲ್ಲಿ ಸೋನಿ, ಫಿಲಿಪ್ಸ್ ಸಂಸ್ಥೆಗಳು ಹೊರತಂದ ಸೂಪರ್ ಆಡಿಯೊ ಸಿಡಿಯ ಅಧಿಕಸಾಂದ್ರ ಪದರವನ್ನು ಗಣಕದ ಸಾಮಾನ್ಯ ಡ್ರೈವು ಓದಲಾರದು. ಆಟಕ್ಕೆಂದು ನಿರ್ಮಿತವಾದ ಪ್ಲೇಸ್ಟೇಷನ್ 3ರ ಮೊದಮೊದಲ ಮಾದರಿಗಳೇ, ವಿನೋದವೆಂಬಂತೆ, ರಸಿಕರಿಗೆ ಆ ಬಾಗಿಲನ್ನು ತೆರೆದುವು. ಪ್ರತಿಯೊಂದು ವಾಹಿನಿಯಲ್ಲಿಯೂ ಸೆಕೆಂಡಿಗೆ 28,22,400 ಬಾರಿ, ಒಂದೊಂದೇ ಬಿಟ್ಟಿನಂತೆ ಅಳೆದಿಟ್ಟ ಆ ನಾದವನ್ನು ಡಿಎಸ್‌ಎಫ್ ಕಡತವಾಗಿ ಯಥಾಸ್ಥಿತಿಯಲ್ಲಿ ಇರಿಸಿಕೊಳ್ಳಬಹುದು. ಅದನ್ನು ಸೋಸಿ, 24 ಬಿಟ್ಟಿನ ಫ್ಲ್ಯಾಕ್ ಆಗಿಸುವುದನ್ನೂ ಜನ ರಿಪ್ ಎಂದೇ ಕರೆಯುವರಾದರೂ, ಅದು ಪರಿವರ್ತನೆಯೇ ಹೊರತು ರಿಪ್ ಅಲ್ಲ.