ಸೈಕಲ್ ಚೈನ್ ಬದಲಿಸುವುದು ಯಾವಾಗ? ಮಳೆಗಾಲ ಮುಗಿದೊಡನೆ ಟೇಪ್ ಹಿಡಿದು ನೋಡಿ

ಮುಂಬೈ: ಲೋಕಲ್ ರೈಲು ಇಳಿದ ಡಬ್ಬಾವಾಲಾಗಳು ಊಟದ ಡಬ್ಬಿಗಳನ್ನು ಕಚೇರಿಗಳಿಗೆ ಮುಟ್ಟಿಸುವುದು ಹೆಚ್ಚಾಗಿ ಸೈಕಲ್‌ನಲ್ಲೇ. ಉಪನಗರಗಳಲ್ಲಿ ಬೆಳಗಿನ ಪಾವ್ ಮಾರಾಟಕ್ಕೂ ಸೈಕಲ್ಲೇ ಆಧಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಚೈನ್‌ನ ಎಣ್ಣೆ ತೊಳೆದು, ರಸ್ತೆಯ ಕೆಸರು, ಮರಳನ್ನು ಅದರೊಳಗೆ ತುಂಬುತ್ತದೆ.

ಸವೆಯುವುದು ಹೇಗೆ?
ಚೈನ್ ಹಿಗ್ಗಿದೆ ಎನ್ನುವುದು ವಾಡಿಕೆ. ಆದರೆ ಉಕ್ಕಿನ ಕೊಂಡಿಗಳು ಹಿಗ್ಗುವುದಿಲ್ಲ. ಅವುಗಳನ್ನು ಜೋಡಿಸುವ ಪಿನ್‌ಗಳು ತಿಕ್ಕಾಟದಿಂದ ಸವೆದು ಸಡಿಲಾಗುತ್ತವೆ, ಒಟ್ಟು ಉದ್ದ ಹೆಚ್ಚುತ್ತದೆ. ಇಂಥ ಚೈನ್ ಹಲ್ಲುಗಳ ಮೇಲೆ ಸರಿಯಾಗಿ ಕೂರದೆ ಅವನ್ನೂ ಸವೆಸುತ್ತದೆ.

ಅಳೆಯುವುದು ಹೇಗೆ?
ಪಿನ್‌ನಿಂದ ಪಿನ್‌ಗೆ ಅರ್ಧ ಇಂಚು ಅಂತರ. ಹೀಗಾಗಿ ಹೊಸ ಚೈನ್‌ನ 24 ಕೊಂಡಿಗಳ ಉದ್ದ 12 ಇಂಚು. ಪೆಡಲ್ ಒತ್ತಿ ಚೈನ್ ಬಿಗಿಯಾಗಿಸಿ, ಟೇಪ್‌ನ 1 ಇಂಚಿನ ಗೆರೆಯನ್ನು ಒಂದು ಪಿನ್‌ನ ನಡುವಿಗೆ ಹಿಡಿಯಿರಿ. 24 ಕೊಂಡಿ ದಾಟಿದ ಪಿನ್ 13ರ ಗೆರೆಯಲ್ಲಿದ್ದರೆ ಚೈನ್ ಚೆನ್ನಾಗಿದೆ. 1.5 ಮಿ.ಮೀ. ಮುಂದಿದ್ದರೆ ಗೇರ್ ಸೈಕಲ್‌ನ ಚೈನ್ ಬದಲಿಸಿ. ಗೇರ್ ಇಲ್ಲದ ಸೈಕಲ್‌ಗೆ 3 ಮಿ.ಮೀ. ಕೊನೆಯ ಮಿತಿ.

ತಡ ಮಾಡಿದರೆ?
ಫ್ರೀವೀಲ್, ಚೈನ್‌ವೀಲ್‌ಗಳ ಹಲ್ಲು ಸವೆದ ಮೇಲೆ ಹೊಸ ಚೈನ್ ಹಾಕಿದರೂ ಜಾರುತ್ತದೆ. ಆಗ ಎಲ್ಲವನ್ನೂ ಬದಲಿಸುವ ಖರ್ಚು. ಸಿಗ್ನಲ್ ಬಿಟ್ಟೊಡನೆ ಹೊರೆ ಹೊತ್ತ ಸೈಕಲ್‌ನ ಪೆಡಲನ್ನು ಬಲವಾಗಿ ತುಳಿದಾಗ ಚೈನ್ ಜಾರಿದರೆ ಸವಾರ ವಾಹನಗಳ ನಡುವೆಯೇ ಬೀಳಬಹುದು.

ಮಳೆಯಲ್ಲಿ ನೆನೆದ ದಿನ ಚೈನ್ ಅನ್ನು ಒಣಬಟ್ಟೆಯಿಂದ ಒರೆಸಿ, ಕೊಂಡಿಗಳಿಗೆ ಹನಿ ಹನಿಯಾಗಿ ಎಣ್ಣೆ ಬಿಡಿ. ಹೆಚ್ಚಾದ ಎಣ್ಣೆಯನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದಕ್ಕೇ ಧೂಳು ಅಂಟುತ್ತದೆ.