ಮನೆತನದ ಇತಿಹಾಸಕ್ಕೆ ಮೂರು ಆಧಾರಗಳು: ಹೆಳವರ ಹೊತ್ತಗೆ, ಸರಕಾರಿ ದಫ್ತರ, ಅಜ್ಜಿಯ ಮಾತು

ಕನ್ನಡ ನಾಡಿನ ಇತಿಹಾಸವನ್ನು ನಮ್ಮ ಹಿರಿಯರು ಬಹುಮಟ್ಟಿಗೆ ಶಾಸನಗಳ ಬಲದಿಂದ ಕಟ್ಟಿದರು. ಚಾಲುಕ್ಯ ರಾಷ್ಟ್ರಕೂಟರ ವಂಶಾವಳಿಯನ್ನು ತಲೆಮಾರು ತಲೆಮಾರಾಗಿ ಹೇಳಬಲ್ಲ ವಿದ್ವಾಂಸನು ತನ್ನ ಮುತ್ತಜ್ಜನ ತಂದೆಯ ಹೆಸರನ್ನು ಕೇಳಿದರೆ ತಡವರಿಸುವುದುಂಟು. ಅರಸನ ವಂಶವನ್ನು ಕಲ್ಲಿನಲ್ಲಿ ಕೆತ್ತಿಸಿದರು. ಒಕ್ಕಲಿಗನ ವಂಶವನ್ನು ಕೆತ್ತಿಸುವವರು ಇರಲಿಲ್ಲ. ಆದರೂ ಅದು ಪೂರ್ತಿಯಾಗಿ ಅಳಿದುಹೋಯಿತೆಂದು ತಿಳಿಯಲಾಗದು. ಮುಂಬಯಿ, ಪುಣೆ, ಸೋಲಾಪುರ, ಹೈದರಾಬಾದುಗಳಲ್ಲಿ ಹಲವು ತಲೆಮಾರುಗಳಿಂದ ನೆಲೆಸಿದ ಕನ್ನಡ ಮನೆತನಗಳಿಗೆ ಈ ವಿಷಯವು ವಿಶೇಷವಾಗಿ ಸಂಬಂಧಿಸಿದ್ದು. ಊರಿನಲ್ಲಿಯೇ ಉಳಿದವನಿಗೆ ಹೊಲದ ಬದುವು, ಗುಡಿಯ ಕಟ್ಟೆಯು ಹಿರಿಯರ ನೆನಪನ್ನು ಕಾಯ್ದುಕೊಡುತ್ತವೆ. ಊರು ಬಿಟ್ಟವನಿಗೆ ಆ ನೆನಪನ್ನು ಹುಡುಕಿಯೇ ಪಡೆಯಬೇಕಾಗುತ್ತದೆ. ಎಲ್ಲಿ ಹುಡುಕಬೇಕು, ಸಿಕ್ಕುದನ್ನು ಹೇಗೆ ಒರೆಗೆ ಹಚ್ಚಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲನೆಯ ಆಧಾರ ಹೆಳವರದು. ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಲ್ಲವರಿಗೆ ಇವರ ಪರಿಚಯ ಬೇಕಿಲ್ಲ. ಹೆಳವನೆಂದರೆ ಕುಂಟನೆಂದು ಅರ್ಥ. ಎತ್ತನ್ನೇರಿ ಬಂದು ಮನೆಮನೆಯ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರುಗಳನ್ನು ಒಂದರ ಹಿಂದೊಂದರಂತೆ ಹೇಳಿ, ಕಾಳುಕಡಿಯನ್ನು ದಾನವಾಗಿ ಪಡೆಯುವುದು ಇವರ ವೃತ್ತಿಯಾಗಿತ್ತು. ಇಂಥ ಊರಿನ ಇಂಥ ಮನೆತನಗಳು ಇಂಥ ಹೆಳವನಿಗೆ ಎಂಬ ಹಂಚಿಕೆಯೂ ಅವರಲ್ಲಿ ಉಂಟು. ಮೂಲ ಊರು ಯಾವುದು, ಅಣ್ಣತಮ್ಮಂದಿರು ಬೇರೆಯಾದ ಮೇಲೆ ಯಾವ ಕವಲು ಎಲ್ಲಿಗೆ ಹೋಯಿತು ಎಂಬ ಸಂಗತಿಗಳು ಅವರ ಬಾಯಲ್ಲಿಯೂ ಹೊತ್ತಗೆಗಳಲ್ಲಿಯೂ ಉಳಿದು ಬಂದಿವೆ. ದಾನ ಕೊಡುವ ಮನೆಯ ಮುಂದೆ ಹೇಳುವ ವಂಶಾವಳಿಯಲ್ಲಿ ಹೊಗಳಿಕೆ ಸೇರಿಕೊಳ್ಳುವುದು ಸಹಜ. ಆದುದರಿಂದ ಮೂಲಪುರುಷನ ಪರಾಕ್ರಮದ ಮಾತನ್ನು ಬದಿಗಿಟ್ಟು, ಇತ್ತೀಚಿನ ಐದಾರು ತಲೆಮಾರುಗಳ ಹೆಸರುಗಳನ್ನೂ ಊರುಗಳನ್ನೂ ಮುಖ್ಯವಾಗಿ ಗಮನಿಸತಕ್ಕದ್ದು.

ಎರಡನೆಯದು ಸರಕಾರಿ ದಫ್ತರ. ಇಲ್ಲಿ ಶೋಧಕನಿಗೆ ಎದುರಾಗುವ ಮೊದಲ ತೊಡಕು ಗಡಿಗಳದು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. ಅದಕ್ಕೂ ಹಿಂದಿನ ಕಾಗದಪತ್ರಗಳನ್ನು ಹುಡುಕುವವನು ಚೆನ್ನೈಯ ದಫ್ತರವನ್ನು ಮರೆಯಬಾರದು. ಬಳ್ಳಾರಿಯು 1953ರವರೆಗೆ, ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸಿನಲ್ಲಿದ್ದವು. ವಿಜಾಪುರದ ಸೀಮೆಯು ಪೇಶ್ವೆಗಳ ಪತನದ ಅನಂತರ ಸಾತಾರೆಯ ಮಹಾರಾಜರ ಪಾಲಿಗೆ ಬಂದು, 1848ರಲ್ಲಿ ಆ ಸಂಸ್ಥಾನವು ವಿಲೀನವಾದಾಗ ಬ್ರಿಟಿಷರ ಕೈಸೇರಿತು. 1885ರವರೆಗೆ ಜಿಲ್ಲೆಯ ಮುಖ್ಯಸ್ಥಳ ಕಲಾದಗಿಯಾಗಿತ್ತು. ಆದುದರಿಂದ 1876ರ ಸಂಗತಿಯನ್ನು ‘ವಿಜಾಪುರ ಜಿಲ್ಲೆ’ಯ ಹೆಸರಿನಲ್ಲಿ ಅರಸುವವನು ಬರಿಗೈಯಿಂದ ಮರಳುವ ಸಂಭವವುಂಟು.

ಲಿಪಿ ಮತ್ತು ಕಾಲಗಣನೆಗಳದು ಇನ್ನೊಂದು ತೊಡಕು. ಮುಂಬಯಿ ಕರ್ನಾಟಕದ ಹಳೆಯ ಲೆಕ್ಕಪತ್ರಗಳು ಹೆಚ್ಚಾಗಿ ಮೋಡಿಯಲ್ಲಿವೆ. ಹೈದರಾಬಾದು ಸಂಸ್ಥಾನದವು ಮೊದಲು ಪಾರಸಿಯಲ್ಲಿ, 19ನೆಯ ಶತಮಾನದ ಕೊನೆಯ ಭಾಗದಿಂದ ಉರ್ದುವಿನಲ್ಲಿ ಇವೆ. ಶಾಲಿವಾಹನ ಶಕಕ್ಕೆ 78, ದಖ್ಖನಿನ ಫಸಲಿಗೆ 590, ಮರಾಠರ ಕಾಲದ ಸುಹೂರ್ ಸನ್ನಿಗೆ 599 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕವು ದೊರೆಯುತ್ತದೆ; ವರ್ಷಾರಂಭದ ತಿಂಗಳು ಬೇರೆಯಾದುದರಿಂದ ಒಂದು ವರ್ಷದ ಅಂತರ ಬರಬಹುದು. ಇನ್ನು ಮನೆಯಲ್ಲಿಯೇ ಉಳಿದ ಕಾಗದಗಳ ಗತಿ. 1950ರ ಮುಂಬಯಿ ಕಾಯದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳು ರದ್ದಾದವು. ಅಲ್ಲಿಯವರೆಗೆ ಹಕ್ಕಿನ ಆಧಾರವೆಂದು ಪೆಟ್ಟಿಗೆಯಲ್ಲಿ ಕಾಯ್ದಿಟ್ಟ ವಂಶಾವಳಿ, ಸನದುಗಳು ಒಮ್ಮೆಲೆ ನಿರುಪಯೋಗಿಯೆನಿಸಿ ಅನೇಕ ಮನೆಗಳಲ್ಲಿ ಅಟ್ಟ ಸೇರಿದವು, ಕೆಲವೆಡೆ ಒಲೆಯನ್ನೂ ಸೇರಿದವು. ಕಾಯದೆಯ ದೃಷ್ಟಿಯಿಂದ ಬೆಲೆ ಕಳೆದುಕೊಂಡ ಕಾಗದಕ್ಕೆ ಇತಿಹಾಸದ ದೃಷ್ಟಿಯಿಂದ ಬೆಲೆ ಬರುತ್ತದೆಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮೂರನೆಯ ಆಧಾರವು ಬಾಲ್ಯದಲ್ಲಿ ಕಿವಿಗೆ ಬಿದ್ದ ಮಾತು. ಇದನ್ನು ಕಟ್ಟುಕತೆಯೆಂದು ತಳ್ಳಿಹಾಕುವ ವಿದ್ವಾಂಸರುಂಟು. ವೇದವಾಕ್ಯವೆಂದು ನಂಬುವ ಬಂಧುಗಳೂ ಉಂಟು. ಎರಡೂ ಸಲ್ಲವು. ನಮ್ಮ ಮನೆತನದ ಉದಾಹರಣೆಯನ್ನೇ ಕೊಡುತ್ತೇನೆ. ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಹಗೇವು ಬರಿದಾಗಿ, ಬೀಜದ ಜೋಳವೂ ತೀರಿದ ಮೇಲೆ ಮುತ್ತಜ್ಜ ಮುತ್ತಜ್ಜಿಯರು ವಿಜಾಪುರದ ಕಡೆಯ ಹಳ್ಳಿಯನ್ನು ಬಿಟ್ಟು ಮುಂಬಯಿಗೆ ಬಂದರೆಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಮಾತು. ಆದರೆ ಒಂದು ಕವಲಿನವರು, ಅವರು ವಿಜಾಪುರದಲ್ಲಿಯೇ ರೈಲು ಹತ್ತಿದರೆನ್ನುವರು. ನನ್ನ ಅಜ್ಜಿ ಮಾತ್ರ, ಕೂಸನ್ನು ಬಗಲಲ್ಲಿ ಹೊತ್ತು ಸೋಲಾಪುರದವರೆಗೆ ನಡೆದರೆಂದು ತನ್ನ ಅತ್ತೆಯ ಬಾಯಿಂದ ಕೇಳಿದುದನ್ನು ನಮಗೆ ಹೇಳುತ್ತಿದ್ದಳು. ಧಾತು ಸಂವತ್ಸರವು ಶಕ 1798, ಅಂದರೆ ಕ್ರಿ. ಶ. 1876. ಮುಂಬಯಿಯ ರೈಲು ಸೋಲಾಪುರಕ್ಕೆ 1860ರಲ್ಲಿಯೇ ಬಂದಿತ್ತು. ವಿಜಾಪುರದ ಮೇಲೆ ಹಾಯುವ ಹೋಟಗಿ-ಗದಗ ಮಾರ್ಗವನ್ನು ನಡೆಸಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾದದ್ದೇ 1882ರಲ್ಲಿ. ಹೀಗಿರಲು ಅಜ್ಜಿಯ ಮಾತೇ ನಿಲ್ಲುತ್ತದೆ. ವಿಜಾಪುರದಿಂದ ಸೋಲಾಪುರಕ್ಕೆ ಸುಮಾರು 100 ಕಿಲೋಮೀಟರು. ಅಷ್ಟು ದಾರಿಯನ್ನು ಹಸಿದ ಹೊಟ್ಟೆಯಲ್ಲಿ ನಡೆದ ಆ ತಾಯಿಯ ಬಗಲಿನ ಕೂಸೇ ನನ್ನ ಅಜ್ಜ.

ಆದರೆ ಆಕೆಯ ಹೆಸರೇನು? ಹೆಳವರ ಹೊತ್ತಗೆಯಲ್ಲಿ ನಮ್ಮ ಕವಲಿನ ಗಂಡಸರ ಹೆಸರುಗಳಿವೆ, ಆಕೆಯದಿಲ್ಲ. ಜಮೀನಿನ ಕಾಗದಗಳಲ್ಲಿ ಖಾತೆದಾರನ ಹೆಸರಿದೆ, ಆಕೆಯದಿಲ್ಲ. ಅಜ್ಜಿಯು ಆಕೆಯ ಕತೆಯನ್ನು ನೂರು ಸಲ ಹೇಳಿದರೂ ಹೆಸರನ್ನು ಒಮ್ಮೆಯೂ ಉಚ್ಚರಿಸಲಿಲ್ಲ. ಸೊಸೆಯಾದವಳು ಅತ್ತೆಯ ಹೆಸರನ್ನು ಹೇಳಬಾರದಲ್ಲವೆ! ಅಲಕ್ಷ್ಯದಿಂದ ಮರೆಯಾಗುವ ಹೆಸರುಗಳಂತೆ ಗೌರವದಿಂದ ಮರೆಯಾಗುವ ಹೆಸರುಗಳೂ ಉಂಟೆಂಬುದನ್ನು ಶೋಧಕನು ಮರೆಯಬಾರದು.

ಇಲ್ಲಿ ಬಾಲ್ಯದ ಒಂದು ಸಣ್ಣ ನೆನಪು ನೆರವಿಗೆ ಬಂದಿತು. ನಮ್ಮ ಹಿರಿಯ ಸೋದರತ್ತೆಯನ್ನು ಮನೆಯವರೆಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು. ಹೆತ್ತ ತಾಯಿಯಾದ ಅಜ್ಜಿ ಮಾತ್ರ ‘ಅವ್ವಿ’ ಎನ್ನುತ್ತಿದ್ದಳು. ತೀರಿಹೋದ ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದೂ, ಅತ್ತೆಯ ಹೆಸರನ್ನು ಹೊತ್ತ ಮಗಳನ್ನು ತಾಯಿಯು ಬೇರೆ ಹೆಸರಿನಿಂದ ಕರೆಯುವುದೂ ನಮ್ಮ ಕಡೆಯ ಪದ್ಧತಿ. ಸೋದರತ್ತೆಯು ಹುಟ್ಟಿದ್ದು ಮುತ್ತಜ್ಜಿಯು ತೀರಿದ ಮೇಲೆ. ಹಾಗಾದರೆ ಅಜ್ಜಿಯ ನಾಲಿಗೆಯು ತಪ್ಪಿಸಿಕೊಂಡ ಆ ಹೆಸರು ಮುತ್ತಜ್ಜಿಯದೇ ಆಗಿರಬೇಕು. ನಮ್ಮ ವಂಶಾವಳಿಯಲ್ಲಿ ಅದನ್ನು ಈಗ ಬರೆದಿದ್ದೇವೆ. ಇದು ಅನುಮಾನಪ್ರಮಾಣದಿಂದ ತಿಳಿದದ್ದೆಂದು ಪಕ್ಕದಲ್ಲಿ ಸೂಚಿಸಿಯೂ ಇದ್ದೇವೆ. ಆಕೆಯ ತವರೂರು ಮಾತ್ರ ಯಾವ ಆಧಾರದಿಂದಲೂ ದೊರೆಯಲಿಲ್ಲ.

ಈ ಮೂರು ಆಧಾರಗಳಲ್ಲಿ ಯಾವುದೂ ಒಂಟಿಯಾಗಿ ಸಾಲದು. ದಫ್ತರವು ತೆರಿಗೆಗಾಗಿ ಬರೆದದ್ದು, ಹೊತ್ತಗೆಯು ದಾನಕ್ಕಾಗಿ ಬರೆದದ್ದು; ಹೊಲವಿಲ್ಲದವನೂ ಹೆಂಗಸೂ ಇವುಗಳ ಹೊರಗೆ ಉಳಿದವರು. ಅವರ ಇತಿಹಾಸವು ಉಳಿದಿದ್ದರೆ ಕೇಳಿದವರ ನೆನಪಿನಲ್ಲಿಯೇ ಉಳಿದಿರಬೇಕು. ದಫ್ತರದ ಕಾಗದವು ಇನ್ನೂ ಕೆಲವು ಕಾಲ ಕಾಯಬಹುದು, ಕೇಳಿದವರು ಕಾಯಲಾರರು. ಆದುದರಿಂದ ಮನೆಯ ಹಿರಿಯರ ಹತ್ತಿರ ಕುಳಿತು, ಅವರು ಹೇಳಿದುದನ್ನು ಹೇಳಿದ ಮಾತಿನಲ್ಲಿಯೇ, ಯಾರಿಂದ ಕೇಳಿದ್ದೆಂಬ ವಿವರದೊಡನೆ ಬರೆದುಕೊಳ್ಳುವ ಕೆಲಸವು ಮೊದಲಾಗಬೇಕು. ಹೊಲಗಳ ಹೆಸರು, ಮನೆದೇವರು, ಹೆಂಗಸರ ತವರೂರು, ಯಾರು ಯಾರನ್ನು ಏನೆಂದು ಕರೆಯುತ್ತಿದ್ದರೆಂಬುದು, ಇವೆಲ್ಲವೂ ಅದರಲ್ಲಿ ಬರಲಿ. ಒರೆಗೆ ಹಚ್ಚುವ ಕೆಲಸವನ್ನು ಮುಂದಿನವರೂ ಮಾಡಬಲ್ಲರು. ಕೇಳಿ ಬರೆದಿಡುವ ಅವಕಾಶವು ನಮ್ಮ ತಲೆಮಾರಿನದು.